ಒಂದೇ ನಿಲುಗಡೆ

“ಗುರುಗಳೇ, ತಪ್ಪು ಮಾಡಿದವನಿಗೆ ಒಳಗೊಳಗೇ ನಾಚಿಕೆಯಾದರೆ, ಅರ್ಧ ತಪ್ಪು ಕಳೆದ ಹಾಗೆ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು “ಕೂತುಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಸಂಸದನಿದ್ದ. ಹಳ್ಳಿಗಾಡಿನ ಕ್ಷೇತ್ರದಿಂದ ಗೆದ್ದು ದಿಲ್ಲಿಗೆ ಹೋದವನು. ರಾಜಕೀಯಕ್ಕೆ ಬರುವ ಮೊದಲು ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಕೆಟ್ಟವನೇನಲ್ಲ. ಮೊಳೆಯದ ಬೀಜವನ್ನು ಗೊತ್ತಿದ್ದೂ ಮಾರಿದವನಲ್ಲ. ಎದುರು ನಿಂತವನ ಮುಖ ನೋಡಿಯೇ ಅವನಿಗೇನು ಬೇಕೆಂದು ತಿಳಿಯುತ್ತಿದ್ದ. ಅಂಗಡಿ ನಡೆದದ್ದು ಅದರಿಂದ, ಚುನಾವಣೆ ಗೆದ್ದದ್ದೂ ಅದರಿಂದಲೇ.

ಅವನ ಕ್ಷೇತ್ರದ ನಡುವೆ ರೈಲು ಹಳಿ ಹಾದುಹೋಗಿತ್ತು. ಹಳಿಯ ಮೇಲೆ ಹತ್ತಿರ ಹತ್ತಿರ ಎರಡು ಊರು, ಎರಡಕ್ಕೂ ಒಂದೊಂದು ಸಣ್ಣ ಸ್ಟೇಷನ್. ದೊಡ್ಡದು ಮೇಲೂರು, ಚಿಕ್ಕದು ಕೆಳಗೂರು. ಬೆಳಿಗ್ಗೆ ನಗರಕ್ಕೆ ಹೋಗುವ ಎಕ್ಸ್‌ಪ್ರೆಸ್ ಎರಡೂ ಕಡೆ ನಿಲ್ಲದೆ ಓಡುತ್ತಿತ್ತು. ನಿಂತರೆ ಜನ ಬಿಸಿಲೇರುವ ಮೊದಲೇ ನಗರದಲ್ಲಿರುತ್ತಿದ್ದರು. ನಿಲ್ಲದ ಕಾರಣ ಕೆಳಗೂರಿನ ಕಡೆಯವರು ಒಂದು ಬಸ್ಸು ಇಳಿದು ಇನ್ನೊಂದು ಹತ್ತಿ, ಅದನ್ನೂ ಇಳಿದು ಮತ್ತೊಂದಕ್ಕೆ ಕಾಯಬೇಕು. ಹೂವಿನವರ ಹೂವು ಬಾಡುತ್ತಿತ್ತು. ಕಾಲೇಜಿನ ಮಕ್ಕಳಿಗೆ ಬೆಳಗಿನ ಪಾಠ ತಪ್ಪುತ್ತಿತ್ತು. ಇದೆಲ್ಲ ಹೇಗೋ ನಡೆದುಹೋಗುವ ಕಷ್ಟ. ಹಾಗೆ ನಡೆದುಹೋಗದಿದ್ದದ್ದು ಕಿಡ್ನಿ ಕೆಟ್ಟವರ ಪಾಡು. ಡಯಾಲಿಸಿಸ್ ಮಾಡುವ ಆಸ್ಪತ್ರೆ ಇದ್ದದ್ದು ನಗರದಲ್ಲಿ ಮಾತ್ರ. ಹೊತ್ತು ಮೀರಿ ಹೋದರೆ ಅವತ್ತಿನ ಸರದಿ ಬೇರೆಯವರ ಪಾಲು.

ಕೆಳಗೂರಿನ ಒಬ್ಬ ಹೆಂಗಸು ತನ್ನ ಗಂಡನನ್ನು ವಾರವಾರವೂ ಹೀಗೆ ಕರೆದುಕೊಂಡು ಹೋಗುತ್ತಿದ್ದಳು. ಚುನಾವಣೆಯ ದಿನಗಳಲ್ಲಿ ಅವಳು ಅವನ ಕಾರಿಗೆ ಅಡ್ಡ ನಿಂತು, “ಅಣ್ಣಾ, ನಿಮ್ಮ ಕಾರು ನಿಲ್ಸಿದ ಹಾಗೆ ಆ ರೈಲನ್ನೂ ಇಲ್ಲಿ ನಿಲ್ಸಿಕೊಡಿ. ಬೇರೆ ಏನೂ ಕೇಳಲ್ಲ” ಎಂದಿದ್ದಳು. ಸುತ್ತಲಿನವರು ನಕ್ಕರು. ಅವನೂ ನಕ್ಕ. ಆದರೆ ಮಾತು ನಾಟಿತು. ಗೆದ್ದ ಮೇಲೂ ಮರೆಯಲಿಲ್ಲ. ಅಷ್ಟರ ಮಟ್ಟಿಗೆ ಅವನು ಪ್ರಾಮಾಣಿಕ.

ಸಂಸತ್ತಿನಲ್ಲಿ ಶೂನ್ಯವೇಳೆ ಎಂದು ಒಂದು ಹೊತ್ತು ಇರುತ್ತದೆ. ಮೊದಲೇ ಹೆಸರು ಕೊಟ್ಟಿರಬೇಕು, ಚೀಟಿಯಲ್ಲಿ ಬರಬೇಕು. ಬಂದರೆ ಎದ್ದು ನಿಂತು ತನ್ನ ಜನರ ಕಷ್ಟ ಹೇಳಬಹುದು. ಹೊತ್ತು ಮುಗಿದರೆ ಮೈಕು ತಾನಾಗಿ ನಿಂತುಹೋಗುತ್ತದೆ. ಅವನ ಹೆಸರು ಬಂತು. ಕನ್ನಡದಲ್ಲಿ ಮಾತಾಡುತ್ತೇನೆಂದು ಮುಂಚೆಯೇ ತಿಳಿಸಿ, ಅನುವಾದದವರನ್ನು ಕೂರಿಸಿಕೊಂಡು, ಎದ್ದು ನಿಂತ. ಬರೆದು ತಂದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ನಮ್ಮ ಊರಿನ ರೋಗಿ ಬೆಳಿಗ್ಗೆ ಎದ್ದು ಬಸ್ ಸ್ಟಾಪಿಗೆ ಬರುತ್ತಾನೆ. ಅವನ ಕಣ್ಣೆದುರೇ ರೈಲು ಆಸ್ಪತ್ರೆಯ ಊರಿಗೆ ಹೋಗುತ್ತದೆ. ಅವನನ್ನು ಬಿಟ್ಟು ಹೋಗುತ್ತದೆ” ಎಂದ.

ಅವನ ಪಕ್ಷದವರು ಮೇಜು ಕುಟ್ಟಿದರು. ಎದುರು ಪಕ್ಷದವರೂ ಕುಟ್ಟಿದರು. ಊರಿನಲ್ಲಿ ಹಾಲಿನ ಡೈರಿಯ ಟಿವಿ ಮುಂದೆ ನಿಂತವರು ಕ್ಯಾನು ಕೆಳಗಿಟ್ಟು ಚಪ್ಪಾಳೆ ಹೊಡೆದರು. ಸಂಜೆಯ ಹೊತ್ತಿಗೆ ಆ ಮಾತು ಎಲ್ಲರ ಮೊಬೈಲಿನಲ್ಲೂ ಇತ್ತು.

ರೈಲು ನಿಲ್ಲಲಿಲ್ಲ. ಮುಂದಿನ ಅಧಿವೇಶನದಲ್ಲಿ ಮತ್ತೆ ಎದ್ದ. ಅದರ ಮುಂದಿನದರಲ್ಲೂ ಎದ್ದ. ಹಾಳೆ ಹಿಡಿಯುವುದು ನಿಂತಿತು. ಯಾವ ಮಾತಿಗೆ ದನಿ ಇಳಿಸಿದರೆ ಹಿಂದಿನ ಸಾಲಿನವರು ತಲೆ ಎತ್ತುತ್ತಾರೆ, ಎಲ್ಲಿ ತಡೆದರೆ ಮೇಜು ಕುಟ್ಟುತ್ತಾರೆ ಎಂಬುದು ಗೊತ್ತಾಯಿತು. ಇದರಲ್ಲಿ ಮೋಸವೇನೂ ಇರಲಿಲ್ಲ. ಅಂಗಡಿಯವನು ಸರಕನ್ನು ಎದ್ದು ಕಾಣುವ ಹಾಗೆ ಜೋಡಿಸುವುದಿಲ್ಲವೇ? ಹಾಗೆ.

ಒಂದು ದಿನ ರೈಲ್ವೆ ಸಚಿವರು ಅವನನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಚಹಾ ಕೊಡಿಸಿದರು. ಬಹಳ ಊರಿನ ನೀರು ಕುಡಿದ ಮನುಷ್ಯ ಅವರು.

“ನಿಮ್ಮ ಭಾಷಣ ನನಗೇ ಬಾಯಿಪಾಠವಾಗಿಹೋಗಿದೆ, ಮಾರಾಯರೇ” ಎಂದು ನಕ್ಕರು. “ನಿಲುಗಡೆ ಕೊಡುತ್ತೇನೆ. ಆದರೆ ಒಂದೇ. ಹತ್ತಿರ ಹತ್ತಿರ ಎರಡು ಕಡೆ ನಿಲ್ಲಿಸಿದರೆ ಹಿಂದೆ ಬರುವ ಗಾಡಿಗಳೆಲ್ಲ ತಡವಾಗುತ್ತವೆ. ಹೊಸ ವೇಳಾಪಟ್ಟಿ ಅಚ್ಚಿಗೆ ಹೋಗುವುದರೊಳಗೆ ಯಾವ ಊರು ಅಂತ ಹೇಳಿ. ಫೋನಿನಲ್ಲಿ ಹೇಳಿದರೂ ನಡೆಯುತ್ತದೆ.”

“ಜನರನ್ನು ಕೇಳಿ ಹೇಳುತ್ತೇನೆ” ಎಂದ ಸಂಸದ.

“ಜನ ನಿಮ್ಮನ್ನು ಇಲ್ಲಿಗೆ ಕಳಿಸಿದ್ದೇ ಹೇಳಲಿ ಅಂತ. ಮತ್ತೆ ಅವರನ್ನು ಯಾಕೆ ಕೇಳುತ್ತೀರಿ?”

ಅವನು ಚಹಾ ಮುಗಿಸಿ ಎದ್ದ. ನಿಜ ಹೇಳಬೇಕೆಂದರೆ ಕೇಳುವಂಥದ್ದು ಏನೂ ಇರಲಿಲ್ಲ. ನಿಲ್ಲಬೇಕಾದದ್ದು ಕೆಳಗೂರಿನಲ್ಲಿ. ಸುತ್ತಲಿನ ಹಳ್ಳಿಗಳ ದಾರಿಗಳೆಲ್ಲ ಬಂದು ಸೇರುವುದು ಆ ಸ್ಟೇಷನ್ನಿಗೆ. ಮೇಲೂರಿಗೆ ಹೆದ್ದಾರಿ ಇತ್ತು, ನಗರಕ್ಕೆ ನೇರ ಬಸ್ಸೂ ಇತ್ತು. ಇದು ಅವನಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟವಿತ್ತು. ಆದರೆ ಓಟು ಇದ್ದದ್ದು ಮೇಲೂರಿನಲ್ಲಿ. ಕಳೆದ ಎಣಿಕೆಯಲ್ಲಿ ಹಿಂದೆ ಬಿದ್ದವನನ್ನು ಎತ್ತಿ ನಿಲ್ಲಿಸಿದ್ದು ಮೇಲೂರು. ಆ ಊರಿಗೂ ರೈಲು ಬೇಕಿತ್ತು. ಅಗತ್ಯಕ್ಕಲ್ಲ, ಮರ್ಯಾದೆಗೆ.

ಅವನು ಅಂಗಡಿಯವನ ಲೆಕ್ಕ ಹಾಕಿದ. ಬೆಲೆ ಹೇಳುವ ತನಕ ಕಟ್ಟೆಯ ಮೇಲೆ ಕೂತವರೆಲ್ಲ ಗಿರಾಕಿಗಳೇ. ಬೆಲೆ ಹೇಳಿದ ಕೂಡಲೇ ಕೆಲವರು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಊರಿನ ಹೆಸರು ಹೇಳದಿದ್ದರೆ ಎರಡೂ ಊರು ಅವನವೇ. ಬೈಸಿಕೊಳ್ಳಲು ದಿಲ್ಲಿ ಇತ್ತು. ದಿಲ್ಲಿಗೆ ಅವನ ಕ್ಷೇತ್ರದಲ್ಲಿ ಓಟು ಇರಲಿಲ್ಲ.

ನಾಳೆ ಫೋನ್ ಮಾಡೋಣ ಎಂದುಕೊಂಡ. ನಾಳೆ ಬಂತು, ಹೋಯಿತು. ಅಷ್ಟರಲ್ಲಿ ಶೂನ್ಯವೇಳೆಯಲ್ಲಿ ಮತ್ತೆ ಅವನ ಹೆಸರು ಬಂತು. ಸುಮ್ಮನಿದ್ದರೆ ಊರಿನವರು ಏನೆಂದುಕೊಂಡಾರು? ಎದ್ದು ನಿಂತ. ಎಂದಿನ ರೋಗಿ, ಎಂದಿನ ರೈಲು. ದನಿ ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. “ಈ ಸರ್ಕಾರಕ್ಕೆ ಕಿವಿ ಇದೆಯೇ?” ಎಂದು ಕೇಳಿದ. ಮೇಜು ಕುಟ್ಟಿದರು. ಕಣ್ಣು ತಪ್ಪಿ ಸಚಿವರ ಕಡೆ ಹೋಯಿತು. ಅವರು ಅವನನ್ನೇ ನೋಡುತ್ತ, ಎರಡು ಬೆರಳಿನಿಂದ ಮೆಲ್ಲಗೆ, ತಾವೂ ಮೇಜು ಕುಟ್ಟುತ್ತಿದ್ದರು. ಅವನು ಮೈಕಿನ ಕಡೆ ತಿರುಗಿಕೊಂಡ. ಕಿವಿಯ ತುದಿ ಬಿಸಿಯಾಯಿತು.

ಅಧಿವೇಶನ ಮುಗಿಸಿ ಊರಿಗೆ ಬಂದ. ಕೆಳಗೂರಿನವರು ಸ್ಟೇಷನ್ ಕಟ್ಟೆಯ ಮೇಲೆ ಸಣ್ಣ ಸಭೆ ಕರೆದಿದ್ದರು. ದಾರಿಯಲ್ಲಿ ಕಾರಿನಲ್ಲಿ ಆಪ್ತ ಸಹಾಯಕ ಹೇಳಿದ: “ಸಾರ್, ಸಚಿವರ ಆಫೀಸಿನಿಂದ ಫೋನ್ ಬಂದಿತ್ತು. ವೇಳಾಪಟ್ಟಿ ನಾಳೆ ಅಚ್ಚಿಗೆ ಹೋಗುತ್ತಂತೆ. ಊರಿನ ಹೆಸರು ಇವತ್ತೇ ಹೇಳಬೇಕಂತೆ.”

“ಇಲ್ಲಿಯದು ಮುಗೀಲಿ” ಎಂದ.

ಬೈಯುತ್ತಾರೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಉತ್ತರವನ್ನೂ ಹೊಂದಿಸಿಕೊಂಡಿದ್ದ. ಹಾರ ಹಾಕಿದ್ದಾಯಿತು. ಕೂಡಲೇ ಗ್ಯಾರೇಜು ನಡೆಸುವ ಒಬ್ಬ ಹಿಂದಿನಿಂದ ಕೂಗಿದ: “ಸಾರ್, ನಿಮ್ಮ ಭಾಷಣ ಎಲ್ಲಾ ಮೊಬೈಲಲ್ಲೂ ನಿಲ್ಲುತ್ತೆ. ರೈಲು ಮಾತ್ರ ಎಲ್ಲೂ ನಿಲ್ಲಲ್ಲ!”

ಜನ ಗೊಳ್ಳೆಂದು ನಕ್ಕರು. ಸಂಸದ ಬಾಯಿ ತೆರೆಯುವಷ್ಟರಲ್ಲಿ ಹಳಿ ಕಂಪಿಸಿತು. ಎಕ್ಸ್‌ಪ್ರೆಸ್ ಬಂತು. ಕೂಗುತ್ತ, ಧೂಳೆಬ್ಬಿಸುತ್ತ ಕಟ್ಟೆಯ ಪಕ್ಕದಲ್ಲೇ ಹಾದುಹೋಯಿತು. ಹೆಂಗಸರು ಸೆರಗು ಮೂಗಿಗೆ ಹಿಡಿದರು. ಸದ್ದು ಅಡಗುವ ತನಕ ಎಲ್ಲರೂ ಕಾದರು. ಅವರಿಗದು ಅಭ್ಯಾಸ.

ಸದ್ದು ಅಡಗಿದ ಮೇಲೆ ಮೊದಲು ಮಾತಾಡಿದವಳು, ಅಂದು ಕಾರಿಗೆ ಅಡ್ಡ ನಿಂತಿದ್ದ ಹೆಂಗಸು. ಬಸ್ಸಿಗೆಂದು ಹೊರಟವಳು ಗಂಡನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಸಂಸದ ಬೈಗುಳಕ್ಕೆ ಸಿದ್ಧನಾದ. ಅವಳು ತಿರುಗಿದ್ದು ಗ್ಯಾರೇಜಿನವನ ಕಡೆಗೆ.

“ನಿನ್ನ ಬಾಯಿಗಿಷ್ಟು! ಅವರೊಬ್ಬರೇ ಎಷ್ಟು ಅಂತ ಕೂಗಬೇಕು? ಡೆಲ್ಲಿಯವರಿಗೆ ಕರುಣೆ ಇಲ್ಲದಿದ್ದರೆ ಇವರೇನು ಮಾಡ್ತಾರೋ? ನೀನು ಹೋಗಿದ್ದರೆ ಬಾಗಿಲಲ್ಲೇ ಓಡಿಸಿರೋರು.”

ಆಮೇಲೆ ಸಂಸದನ ಕಡೆ ತಿರುಗಿ ದನಿ ತಗ್ಗಿಸಿದಳು. “ಅಣ್ಣಾ, ಟಿವಿಯಲ್ಲಿ ನೋಡಿದೆ. ಎಲ್ಲರ ಮುಂದೆ ನಿಂತು ಅಷ್ಟು ಬೇಡ್ಕೊತೀರಿ. ಆ ಮಂತ್ರಿ ತುಟಿ ಬಿಚ್ಚೋದಿಲ್ಲ. ನೋಡಿ ನನ್ನ ಹೊಟ್ಟೆ ಉರಿದುಹೋಯ್ತು. ನಮ್ಮ ದೆಸೆಯಿಂದ ನೀವು ಅಷ್ಟು ದೊಡ್ಡವರ ಮುಂದೆ ಸಣ್ಣವರಾಗಬೇಡಿ. ಸಾಕು, ಇನ್ನು ಕೇಳಬೇಡಿ. ಬಸ್ಸಲ್ಲೇ ಹೋಗ್ತೀವಿ. ಹೋದಷ್ಟು ದಿನ ಹೋಗ್ತೀವಿ.”

ಹೋದಷ್ಟು ದಿನ ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬೆಂಚಿನ ಮೇಲಿದ್ದ ಗಂಡನಿಗೂ ಗೊತ್ತಿತ್ತು. ಅವನ ಕಾಲು ಊದಿತ್ತು. ಅವನು ಎರಡೂ ಕೈ ಊರಿ, ಕಷ್ಟಪಟ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದ. “ಕೂತ್ಕೊಳ್ಳಿ ಸಾರ್. ಅಲ್ಲೂ ನಿಂತೇ ಮಾತಾಡ್ತೀರಿ. ಸುಸ್ತಾಗಿರುತ್ತೆ” ಎಂದ.

ಸಂಸದ ಕೂತ. ಹೊಂದಿಸಿಕೊಂಡು ಬಂದಿದ್ದ ಉತ್ತರ ಈಗ ಉಪಯೋಗಕ್ಕೆ ಬರುವ ಹಾಗಿರಲಿಲ್ಲ. ಅದು ಬೈಗುಳಕ್ಕೆ ಮಾಡಿಕೊಂಡಿದ್ದ ಉತ್ತರ. ಯಾರಾದರೂ ಚಪ್ಪಲಿ ಎಸೆದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಚುನಾವಣೆಯಲ್ಲಿ ಅದೂ ಆಗಿತ್ತು. ಆದರೆ ಇವಳು ಅವನಿಗಾಗಿ ಮರುಗಿದಳು. ಮುಖ ಎತ್ತಿದರೆ ಅವಳು ನೋಡುತ್ತಾಳೆ. ತಗ್ಗಿಸಿದರೆ ಆ ಊದಿದ ಕಾಲು. ಕೊರಳಲ್ಲಿದ್ದ ಹಾರವನ್ನು ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡ. ಕಿಸೆಯಲ್ಲಿ ಫೋನ್ ಇತ್ತು. ಅದು ಎದೆಗೆ ಒತ್ತುತ್ತಿತ್ತು. ಒಂದೇ ಮಾತು, ಒಂದೇ ಊರಿನ ಹೆಸರು.

ಅವನ ಕಣ್ಣಿನಲ್ಲಿ ನೀರು ಬಂತು. ನಟನೆಯಲ್ಲ, ನಿಜವಾದ ಕಣ್ಣೀರು. ಭೂಮಿ ಬಾಯಿ ತೆರೆದರೆ ಇಳಿದುಹೋಗುವಷ್ಟು ನಾಚಿಕೆ ಅವನಿಗಾಗಿತ್ತು. ಜನ ಅದನ್ನು ನೋಡಿದರು. “ನಮಗೋಸ್ಕರ ಅಳ್ತಾರಲ್ಲಪ್ಪ” ಎಂದು ಒಬ್ಬ ಮುದುಕ ಪಕ್ಕದವನಿಗೆ ಹೇಳಿದ. ಗ್ಯಾರೇಜಿನವನು ಮುಂದೆ ಬಂದು, “ತಪ್ಪಾಯ್ತು ಸಾರ್” ಎಂದು ಕೈ ಮುಗಿದ.

ಅಷ್ಟರಲ್ಲಿ ಬಸ್ಸು ಬಂತು. ಹೆಂಗಸು ಗಂಡನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಸಂಸದನೂ ಎದ್ದು ಇನ್ನೊಂದು ಕಡೆಯಿಂದ ಹಿಡಿದುಕೊಂಡ. ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಇಬ್ಬರೂ ಸೇರಿ ಹತ್ತಿಸಿದರು. ಬಸ್ಸು ಹೊರಟಿತು. ಅವನು ರಸ್ತೆಯ ಮೇಲೆ ಬಹಳ ಹೊತ್ತು ನಿಂತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕಣ್ಣೂ ಒದ್ದೆಯಾಗಿತ್ತು. ಉಳಿದದ್ದನ್ನು ತಾನೇ ಬಲ್ಲೆ ಎನ್ನುವಂತೆ ಅವನು ಕೇಳಿದ:

“ಹಾಗಾದರೆ ಅವತ್ತೇ ಫೋನ್ ಮಾಡಿ ಕೆಳಗೂರಿನ ಹೆಸರು ಹೇಳಿಬಿಟ್ಟ, ಅಲ್ಲವೇ ಗುರುಗಳೇ?”

“ಇಲ್ಲ ಮಗೂ, ಅಷ್ಟೊಂದು ನಾಚಿಕೆಪಟ್ಟ ಮೇಲೆ ಅವನಿಗೆ ಅವತ್ತು ಚೆನ್ನಾಗಿ ನಿದ್ದೆ ಬಂತು.”