ಐದು ಶಾಲೆಗೆ ಒಂದೇ ಓಲೆ

"ಪ್ರಭು, ಬೇರೆಯವರು ಒಂದೊಂದು ಶಾಲೆಗೂ ಒಂದೊಂದು ನಿಯಮ ಬರೆದು ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಎಲ್ಲ ಶಾಲೆಗಳಿಗೂ ಒಂದೇ ಓಲೆ ಬರೆಸಿದ್ದೇನೆ!" ಎಂದು ತನಿಖೆಯ ಅಧಿಕಾರಿ ಮಲ್ಲರಸ ತುಂಬಿದ ಆಸ್ಥಾನದಲ್ಲಿ ಎದೆಯುಬ್ಬಿಸಿದ.

ಕೆಂಚನಕೋಟೆಯ ದೊರೆ ಮುದ್ದನಾಯಕ ಮುಂದಕ್ಕೆ ಬಾಗಿದ. ದೊರೆಯದು ಭಾರೀ ಮೈ. ಅವನಿಗಾಗಿ ಸಿಂಹಾಸನವನ್ನು ಎರಡು ಸಲ ಅಗಲ ಮಾಡಿಸಿದ್ದರು.

"ಎಲ್ಲ ಶಾಲೆ ಎಂದರೆ ಯಾವುವು?"

"ಗಜಶಾಲೆ, ಅಶ್ವಶಾಲೆ, ಗೋಶಾಲೆ, ಪಾಕಶಾಲೆ, ಪಾಠಶಾಲೆ. ಐದೂ ಶಾಲೆಗಳೇ ತಾನೆ? ಗಜಶಾಲೆಯ ನಿಯಮವನ್ನೇ ಉಳಿದ ನಾಲ್ಕಕ್ಕೂ ಹಾಕಿದ್ದೇನೆ. ಆನೆಗೆ ಸಾಕಾಗುವ ನಿಯಮ ಮಕ್ಕಳಿಗೆ ಸಾಲದೆ ಹೋಗುತ್ತದೆಯೇ?"

ದೊರೆಗೆ ಈ ಮಾತು ಬಹಳ ಹಿಡಿಸಿತು. "ಸರಿ. ತಪ್ಪು ಸಿಕ್ಕ ಶಾಲೆಗೆ, ತನಿಖೆಯ ಕೊನೆಯ ಸಭೆ ಮುಗಿದೊಡನೆ ಬೀಗ!" ಎಂದು ಅಪ್ಪಣೆ ಕೊಟ್ಟುಬಿಟ್ಟ.

ಆನೆ, ಕುದುರೆ, ದನಗಳು ಹೇಗೋ ಪಾರಾದವು. ಪಾಕಶಾಲೆ ಸಿಕ್ಕಿಬಿತ್ತು. ಒಂದು ಹಂಡೆಯ ಕಾಲಿಗೂ ಸರಪಳಿ ಇರಲಿಲ್ಲವಂತೆ. ಕೊನೆಯ ಸಭೆಯಲ್ಲಿ ಅಡುಗೆಯ ಭಟ್ಟರು "ಹಂಡೆಗೆ ಕಾಲೆಲ್ಲಿದೆಯಯ್ಯಾ?" ಎಂದು ಸೌಟು ಎತ್ತಿಕೊಂಡು ಕೂಗಾಡಿದರು. ಕೂಗಾಟ ಮುಗಿಯಿತು, ಸಭೆಯೂ ಮುಗಿಯಿತು, ಬೀಗ ಬಿತ್ತು. ಅಂದಿನಿಂದ ದೊರೆಗೆ ಎರಡು ಹೊತ್ತೂ ಮಂಡಕ್ಕಿ. ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಮರ್ಯಾದೆ ಅಡ್ಡ ಬರುತ್ತಿತ್ತು.

ಉಳಿದದ್ದು ಪಾಠಶಾಲೆ. ಅಲ್ಲಿ ಸಾಂತಯ್ಯ ಐಗಳು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅಲ್ಲಿಯ ತನಿಖೆಯ ಎರಡನೆಯ ದಿನವೇ ಅವರು ಆಸ್ಥಾನದ ವಿದೂಷಕ ಬೊಪ್ಪಣ್ಣನ ಮನೆಗೆ ಓಡಿ ಬಂದರು. ಬೊಪ್ಪಣ್ಣ ಅವರ ಕೈಯಲ್ಲೇ ಅಕ್ಷರ ಕಲಿತವನು, ಗಾತ್ರದಲ್ಲಿ ದೊರೆಯ ನಂತರದವನು.

"ಬೊಪ್ಪಣ್ಣ, ನನ್ನ ಇಪ್ಪತ್ತೇಳು ಮಕ್ಕಳು ನಾಳೆ ಬೀದಿಪಾಲು! ಆ ಮಲ್ಲರಸನಿಗೆ ನಾಳೆ ಸಭೆಯಲ್ಲಿ ಸರಿಯಾಗಿ ಬುದ್ಧಿ ಹೇಳುತ್ತೇನೆ."

"ಬೇಡಿ ಐಗಳೇ. ಭಟ್ಟರು ಬುದ್ಧಿ ಹೇಳಿದ್ದರಿಂದಲೇ ದೊರೆ ಮಂಡಕ್ಕಿ ಮುಕ್ಕುತ್ತಿರುವುದು. ಕೊನೆಯ ಸಭೆಯಲ್ಲಿ ಜಗಳ ಆಡಬಾರದು. ಹೇಳಿದ್ದನ್ನೆಲ್ಲ ಕೇಳಿ, ಬರೆದುಕೊಂಡು, ಉಪಕಾರ ಸ್ಮರಿಸಬೇಕು. ಆ ಓಲೆ ನಿಮಗೂ ಒಂದು ಪ್ರತಿ ಕೊಟ್ಟಿದ್ದಾರಲ್ಲ, ಕೊಡಿ ಇಲ್ಲಿ."

ಬೊಪ್ಪಣ್ಣ ಓಲೆಯನ್ನು ಕೊನೆಯ ಸಾಲಿನವರೆಗೂ ಓದಿದ. ಅಷ್ಟು ದೂರ ಯಾರೂ ಹೋಗಿರಲಿಲ್ಲ. ಓದಿ ಮುಗಿಸಿದವನೇ ನೆಟ್ಟಗೆ ಅರಮನೆಗೆ ಹೋಗಿ, "ಪ್ರಭು, ನಾಳೆಯ ಸಭೆಗೆ ತಾವೇ ದಯಮಾಡಿಸಬೇಕು" ಎಂದು ಬೇಡಿಕೊಂಡ.

ಮರುದಿನ ದೊರೆ ಪಾಠಶಾಲೆಯ ಬಾಗಿಲಲ್ಲಿ ಅಡ್ಡಡ್ಡ ತೂರಿಕೊಂಡು ಒಳಗೆ ಬಂದು ಕುಳಿತ. ಮಲ್ಲರಸ ಗಂಟಲು ಸರಿಮಾಡಿಕೊಂಡ.

"ಮೊದಲ ತಪ್ಪು. ಬಾಗಿಲು ಹನ್ನೆರಡು ಮೊಳ ಎತ್ತರ ಇರಬೇಕು. ಇಲ್ಲಿರುವುದು ನಾಲ್ಕೇ ಮೊಳ."

"ಬರೆದುಕೊಂಡೆ. ಉಪಕಾರವಾಯಿತು" ಎಂದ ಐಗಳ ಪಕ್ಕದಲ್ಲಿ ಕುಳಿತಿದ್ದ ಬೊಪ್ಪಣ್ಣ.

"ಎರಡನೆಯದು. ಯಾರ ಹಿಂಗಾಲಿಗೂ ಸರಪಳಿ ಇಲ್ಲ."

ಐಗಳು ಎದ್ದು ನಿಂತರು. ಬೊಪ್ಪಣ್ಣ ಅವರ ಪಂಚೆಯ ಚುಂಗು ಹಿಡಿದು ಕೂರಿಸಿದ. "ಬರೆದುಕೊಂಡೆ. ಹಿಂಗಾಲು ಯಾವುದೆಂದು ತಿಳಿಸಿದರೆ ಅನುಕೂಲ."

ಮಲ್ಲರಸ ಮಕ್ಕಳ ಕಾಲುಗಳನ್ನು ಬಹಳ ಹೊತ್ತು ನೋಡಿದ. "ಎಡಗಾಲು" ಎಂದ ಕೊನೆಗೆ.

"ಎಡಗಾಲು. ಉಪಕಾರವಾಯಿತು."

"ಮೂರನೆಯದು. ತಲೆಗೆ ಇಪ್ಪತ್ತು ಹೊರೆ ಹಸಿಹುಲ್ಲು ತಿನ್ನಿಸಬೇಕು. ನಿನ್ನೆ ಒಂದು ಹೊರೆ ಇಟ್ಟು ನೋಡಿದೆ. ಒಬ್ಬರೂ ಬಾಯಿ ಹಾಕಲಿಲ್ಲ. ಅಶಿಸ್ತು!"

"ಬರೆದುಕೊಂಡೆ. ಉಪಕಾರವಾಯಿತು."

ಹೀಗೇ ಹದಿನೆಂಟು ತಪ್ಪುಗಳಾದವು. ಐಗಳ ಕಣ್ಣಲ್ಲಿ ನೀರು ತುಂಬಿತು. ಮಲ್ಲರಸ ಓಲೆ ಸುತ್ತಿಟ್ಟು ಸೊಂಟದಿಂದ ಬೀಗ ತೆಗೆದ. "ಶಾಲೆಯವರದು ಏನಾದರೂ ಆಕ್ಷೇಪವಿದೆಯೇ?"

"ಏನೂ ಇಲ್ಲ ಮಲ್ಲರಸರೇ. ತಾವು ಹೇಳಿದ್ದೆಲ್ಲ ಒಪ್ಪಿಗೆ. ಸಭೆ ಕ್ರಮವಾಗಿ ಮುಗಿಯಬೇಕಲ್ಲ, ಹತ್ತೊಂಬತ್ತನೆಯ ನಿಯಮವನ್ನೂ ತಾವೇ ಓದಿಬಿಡಿ."

"ಹತ್ತೊಂಬತ್ತು ಇದೆಯೇ?" ಮಲ್ಲರಸ ಓಲೆ ಬಿಚ್ಚಿ ಜೋರಾಗಿ ಓದತೊಡಗಿದ. "ಕೊನೆಯ ಸಭೆಯ ಹೊತ್ತಿಗೆ ಶಾಲೆಯೊಳಗೆ ಇರುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಗಾತ್ರದ್ದು ಯಾವುದೋ, ಅದರ ಕತ್ತಿನ ಮೇಲೆ ಅಧಿಕಾರಿ ಖುದ್ದಾಗಿ ಏರಿ, ಕಿವಿಯ ಹಿಂದೆ ಕಾಲೊತ್ತಿ, ಅಂಕುಶದಿಂದ ತಿವಿದು, ಅಂಗಳದಲ್ಲಿ ಮೂರು ಸುತ್ತು..." ಅವನ ದನಿ ಸಣ್ಣಗಾಗುತ್ತಾ ಬಂತು. "ಮೂರು ಸುತ್ತು ಬರತಕ್ಕದ್ದು. ಅಲ್ಲಿಯವರೆಗೆ ಸಭೆ ಮುಗಿದಂತಲ್ಲ."

ಎಲ್ಲರ ಕಣ್ಣೂ ಮೆಲ್ಲಗೆ ದೊರೆಯ ಕಡೆಗೆ ತಿರುಗಿತು. ದೊರೆ ಕೈ ಎತ್ತಿ ತನ್ನ ಕತ್ತನ್ನು ಮುಟ್ಟಿ ನೋಡಿಕೊಂಡ.

ಬೊಪ್ಪಣ್ಣ ಎದ್ದು, ಗಜಶಾಲೆಯಿಂದ ತರಿಸಿಟ್ಟಿದ್ದ ಅಂಕುಶವನ್ನು ಎರಡೂ ಕೈಯಲ್ಲಿ ವಿನಯದಿಂದ ನೀಡಿದ. "ಏಣಿಯೂ ಸಿದ್ಧವಿದೆ, ಮಲ್ಲರಸರೇ."

ಮಲ್ಲರಸ ಏಣಿಯನ್ನೊಮ್ಮೆ, ದೊರೆಯ ಕತ್ತನ್ನೊಮ್ಮೆ ನೋಡಿದ. ಏರಿದರೆ ತಲೆ ಹೋಗುತ್ತದೆ, ಏರದಿದ್ದರೆ ಓಲೆ ಹೋಗುತ್ತದೆ. ಕೊನೆಗೆ ತಲೆಯನ್ನೇ ಆರಿಸಿಕೊಂಡ.

"ಅಯ್ಯೋ, ಇದೆಲ್ಲ ಆನೆಗೆ ಮಾಡಿದ ನಿಯಮ! ಮನುಷ್ಯರಿಗೆ ಅಲ್ಲವೇ ಅಲ್ಲ!"

"ಬರೆದುಕೊಂಡೆ" ಎಂದ ಬೊಪ್ಪಣ್ಣ. "ಉಪಕಾರವಾಯಿತು."

ದೊರೆ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಐಗಳ ಭುಜ ಹಿಡಿದುಕೊಂಡು ನಕ್ಕ. ಓಲೆಯನ್ನು ಅಲ್ಲೇ ಹರಿದು ಹಾಕಿದ. "ಮಲ್ಲರಸ, ನಾಳೆಯಿಂದ ಒಂದು ತಿಂಗಳು ಈ ಮಕ್ಕಳ ಸಾಲಿನಲ್ಲಿ ಕೂತು ಅಕ್ಷರ ತಿದ್ದು. ಐಗಳೇ, ನಿಮ್ಮ ಶಾಲೆಗೆ ಇನ್ನು ಯಾರೂ ಬೀಗ ತರುವುದಿಲ್ಲ. ಬೊಪ್ಪಣ್ಣ, ನಿನಗೇನು ಬೇಕು, ಕೇಳು."

"ಪಾಕಶಾಲೆಯ ಬೀಗ ತೆಗೆಸಿ, ಪ್ರಭು."

"ನನ್ನ ಹಸಿವಿನ ಮೇಲೆ ನಿನಗೆ ಅಷ್ಟೊಂದು ಕರುಣೆಯೇ?"

"ಕರುಣೆಯಲ್ಲ ಪ್ರಭು, ಭಯ. ತಾವು ಇನ್ನೂ ನಾಲ್ಕು ದಿನ ಮಂಡಕ್ಕಿ ತಿಂದರೆ, ಮುಂದಿನ ತನಿಖೆಯ ಹೊತ್ತಿಗೆ ಎಲ್ಲರಿಗಿಂತ ದಪ್ಪ ನಾನೇ ಆಗಿರುತ್ತೇನೆ!"