ಹಿಂದಕ್ಕೆ ಎರಡು ಹೆಜ್ಜೆ

“ಗುರುಗಳೇ, ನಾನು ಬೀಗ ಒಡೆದವನಲ್ಲ, ಕದ್ದವನೂ ಅಲ್ಲ. ಹಾಗಿದ್ದ ಮೇಲೆ ತಪ್ಪು ನನ್ನದು ಹೇಗಾಗುತ್ತದೆ?” ಎಂದು ಯೋಗಾನಂದ ಕೇಳಿದ.

ಯೋಗಾನಂದ ವೆಬ್‌ಸೈಟುಗಳಿಗೆ ಜೋಡಿಸುವ ಒಂದು ಪ್ಲಗಿನ್ ಬರೆದಿದ್ದ. ಅನೇಕ ಚಿಕ್ಕಪುಟ್ಟ ಸಂಘಗಳು ಅದನ್ನು ಹಾಕಿಕೊಂಡಿದ್ದವು. ಕೇಳಿದವರಿಗೆ ಒಂದು ಫೋಲ್ಡರಿನಿಂದ ಕಡತ ತೆಗೆದುಕೊಡುವುದಷ್ಟೇ ಅದರ ಕೆಲಸ. ಯಾರೋ ಒಬ್ಬ ಕಡತದ ಹೆಸರು ಬರೆಯುವ ಜಾಗದಲ್ಲಿ ಎರಡು ಚುಕ್ಕೆ, ಒಂದು ಓರೆಗೆರೆ ಬರೆದ. ಕಂಪ್ಯೂಟರಿಗೆ ಅದರ ಅರ್ಥ, ಈ ಫೋಲ್ಡರಿನಿಂದ ಒಂದು ಹೆಜ್ಜೆ ಹೊರಗೆ ಬಾ ಎಂದು. ಪ್ಲಗಿನ್ ಬಂತು. ಮತ್ತೆ ಬರೆದ, ಮತ್ತೆ ಬಂತು. ಹಾಗೆ ಹೊರಬಂದು, ಬೇರೊಂದು ಫೋಲ್ಡರಿನಲ್ಲಿದ್ದ ಸದಸ್ಯರ ಖಾಸಗಿ ಪತ್ರಗಳನ್ನು ಅವನಿಗೆ ಕೊಟ್ಟುಬಿಟ್ಟಿತು.

ಗುರುಗಳೂ ಒಂದು ಕಾಲಕ್ಕೆ ಇಂಥದೇ ಪ್ರೋಗ್ರಾಂ ಬರೆಯುವ ಕೆಲಸ ಮಾಡಿದವರು. ಶಿಷ್ಯನ ಮೇಲೆ ರೇಗಲು ಅವರಿಗೆ ಮನಸ್ಸಾಗಲಿಲ್ಲ. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಕೈಗುಣ ಚೆನ್ನಾಗಿತ್ತು. ಆದರೆ ಊರವರು ಕೈಗುಣಕ್ಕಿಂತ ಹೆಚ್ಚಾಗಿ ನಂಬಿದ್ದುದು ಅವನ ಬಾಯಿಯನ್ನು. ಅವನಿಗೆ ಹೇಳಿದ್ದು ಅವನಲ್ಲೇ ಉಳಿಯುತ್ತಿತ್ತು.

ಅವನ ಮನೆಯಲ್ಲಿ ಎರಡು ಬಗೆಯ ಓಲೆಗರಿಗಳಿದ್ದವು. ಕೆಮ್ಮು, ಜ್ವರ, ಹೊಟ್ಟೆನೋವಿನ ಮನೆಮದ್ದು ಬರೆದ ಗರಿಗಳು ಬೀದಿ ಕಡೆಯ ಕೋಣೆಯಲ್ಲಿ. ಅವನ್ನು ಯಾರು ಬೇಕಾದರೂ ಓದಬಹುದು. ಯಾರಿಗೆ ಯಾವ ಕಾಯಿಲೆ ಇತ್ತು ಎಂದು ಬರೆದಿಟ್ಟ ಗರಿಗಳು ನಡುಮನೆಯ ಆಚೆಗಿನ ಕೋಣೆಯಲ್ಲಿ. ಅವು ವೈದ್ಯನೊಬ್ಬನಿಗೆ. ಬೀದಿ ಬಾಗಿಲಿಗೆ ದಪ್ಪ ಅಗುಳಿ ಹಾಕಿಸಿದ್ದ. ಮದ್ದಿನ ಗರಿ ಬೇಕಾದವರು ಜಗಲಿಯ ಕಿಟಕಿಯಲ್ಲಿ ನಿಂತು ಕೇಳಬೇಕಿತ್ತು.

ಕೇಳುವವರು ಹೆಚ್ಚಿದಾಗ ವೈದ್ಯ ಒಬ್ಬ ಆಳನ್ನು ಇಟ್ಟುಕೊಂಡ. ಬೇಕೆಂದೇ ಅಕ್ಷರ ಬಾರದವನನ್ನು ಹುಡುಕಿ ತಂದ. ಓದಲು ಬಾರದವನಿಂದ ಗುಟ್ಟು ಹೊರಗೆ ಹೋಗುವುದುಂಟೇ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಅಕ್ಷರದ ಬದಲು ಆಳಿಗೆ ಹೆಜ್ಜೆ ಕಲಿಸಿದ. ಆಳು ಕೂರುತ್ತಿದ್ದುದು ಮದ್ದಿನ ಕೋಣೆಯ ಒಳಬಾಗಿಲಲ್ಲಿ, ಕಿಟಕಿಗೆ ಮುಖ ಮಾಡಿ. ಅವನ ಬೆನ್ನಿಗೆ ನಡುಮನೆ. ಜಗಲಿಯಲ್ಲಿ ಒಂದು ಹಲಗೆ ತೂಗುತ್ತಿತ್ತು. ಕೆಮ್ಮಿಗೆ ಮೂರು ಹೆಜ್ಜೆ ಮುಂದೆ, ಎಡಗಡೆ ಎರಡನೆಯ ಗೂಡು. ಜ್ವರಕ್ಕೆ ಐದು ಹೆಜ್ಜೆ ಮುಂದೆ, ಬಲಗಡೆ ಮೊದಲ ಗೂಡು. ಬಂದವರು ಹಲಗೆ ನೋಡಿ ಹೆಜ್ಜೆ ಹೇಳುವರು. ಆಳು ಅಷ್ಟು ನಡೆದು ಗರಿ ತಂದುಕೊಡುವನು. ಅವರು ಓದಿ ಹಿಂದಿರುಗಿಸುವರು. ಹೇಳಿದಷ್ಟು ನಡೆ, ಸಿಕ್ಕಿದ್ದನ್ನು ಕೊಡು ಎಂಬುದೇ ವೈದ್ಯನ ಅಪ್ಪಣೆ.

ಹಲಗೆಯ ಮೇಲಿದ್ದುದೆಲ್ಲ ಮುಂದಿನ ಹೆಜ್ಜೆಗಳೇ. ಹಿಂದಕ್ಕೆ ಎನ್ನುವ ಮಾತು ಯಾರ ಬಾಯಲ್ಲಾದರೂ ಬಂದೀತೆಂದು ವೈದ್ಯನಿಗೆ ಹೊಳೆಯಲೇ ಇಲ್ಲ. ಒಳಬಾಗಿಲಿಗೆ ಕದವನ್ನೂ ಇಡಿಸಿರಲಿಲ್ಲ. ಮನೆಯೊಳಗೇ ಓಡಾಡುವವನಿಗೆ ಕದ ಯಾಕೆ ಎಂದುಕೊಂಡಿದ್ದ.

ಅದೇ ಊರಿನಲ್ಲಿ ಒಬ್ಬ ಮಡಕೆ ವ್ಯಾಪಾರಿಯಿದ್ದ. ಸಂತೆಯಲ್ಲಿ ಅವನ ಮಡಕೆಗಳನ್ನು ಮೂಸಿ ನೋಡುವವರಿರಲಿಲ್ಲ. ಜನರೆಲ್ಲ ಒಬ್ಬ ಕುಂಬಾರಗಿತ್ತಿಯ ಮುಂದೆ ನೆರೆಯುತ್ತಿದ್ದರು. ಹಿಂದೊಮ್ಮೆ ಅವಳು ವೈದ್ಯನ ಮನೆಗೆ ಹೋಗಿಬರುತ್ತಿದ್ದುದನ್ನು ವ್ಯಾಪಾರಿ ಕಂಡಿದ್ದ. ವೈದ್ಯ ಪಕ್ಕದೂರಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಕಿಟಕಿಗೆ ಬಂದು, ಹಿಂದಕ್ಕೆ ಎರಡು ಹೆಜ್ಜೆ, ಬಲಕ್ಕೆ ನಾಲ್ಕು, ಎದುರಿನ ಗೂಡು ಎಂದ. ಆಳು ನಡೆದ. ಮೊದಲ ಸಲ ಉಪ್ಪಿನಕಾಯಿ ಜಾಡಿ ತಂದುಕೊಟ್ಟ. ವ್ಯಾಪಾರಿ ಹೆಜ್ಜೆ ಬದಲಿಸಿ ಹೇಳಿದ. ಎರಡನೆಯ ಸಲ ಹಳೆಯ ಪಂಚಾಂಗ ಬಂತು. ಮೂರನೆಯ ಸಲ ಬಂದದ್ದು ಕಾಯಿಲೆಯ ಗರಿಗಳ ಕಟ್ಟು.

ಅದರಲ್ಲಿ ಕುಂಬಾರಗಿತ್ತಿಯ ಹೆಸರಿತ್ತು. ಅಂಗೈಯಲ್ಲಿ ಹುಣ್ಣು, ದೊಡ್ಡ ರೋಗ, ಕುಷ್ಠವೆಂದು ಅನುಮಾನ ಎಂದು ಮೊದಲ ಸಾಲು. ಅಲ್ಲ, ಬರೀ ಹುಣ್ಣು, ವಾಸಿಯಾಯಿತು ಎಂದು ಎರಡನೆಯ ಸಾಲು. ವ್ಯಾಪಾರಿಗೆ ಮೊದಲ ಸಾಲೇ ಸಾಕಾಯಿತು. ಕಟ್ಟನ್ನು ಹಿಂದಿರುಗಿಸಿ ಹೋದ.

ಸಂಜೆ ವೈದ್ಯ ಬಂದಾಗ, ಇವತ್ತು ಮಡಕೆ ವ್ಯಾಪಾರಿ ಹೊಸ ಥರದ ಹೆಜ್ಜೆ ಹೇಳಿದ ಎಂದು ಆಳು ತಾನಾಗಿಯೇ ವರದಿ ಒಪ್ಪಿಸಿದ. ವೈದ್ಯ ಅದೇ ಹೆಜ್ಜೆ ನಡೆಸಿ ನೋಡಿದರೆ ಆಳು ಕಾಯಿಲೆಯ ಗರಿಗಳ ಗೂಡಿನ ಮುಂದೆ ನಿಂತ. ಒಳಕೋಣೆಯ ಗರಿ ಯಾಕೆ ಕೊಟ್ಟೆ ಎಂದು ಕೇಳಿದ.

“ಹೆಜ್ಜೆ ಹೇಳಿದ್ರು, ನಡೆದೆ ಸ್ವಾಮಿ. ಕೋಣೆ ದಾಟಬೇಡ ಅಂತ ನೀವು ಯಾವತ್ತೂ ಹೇಳಿರಲಿಲ್ಲ.”

ಆಳಿನ ಮಾತಿನಲ್ಲಿ ಸುಳ್ಳಿರಲಿಲ್ಲ. ವೈದ್ಯ ಮರುದಿನವೇ ಬಡಗಿಯನ್ನು ಕರೆಸಿ ಒಳಬಾಗಿಲಿಗೆ ಕದ ಇಡಿಸಿದ. ಯಾರು ಎಷ್ಟು ಹೆಜ್ಜೆಯನ್ನಾದರೂ ಹೇಳಲಿ, ನಡೆದು ಮುಗಿದ ಮೇಲೆ ನಿಂತ ಜಾಗ ನೋಡು, ಅದು ಮದ್ದಿನ ಕೋಣೆಯಲ್ಲದಿದ್ದರೆ ಬರಿಗೈಯಲ್ಲಿ ವಾಪಸು ಬಾ ಎಂದು ಆಳಿಗೆ ಕಲಿಸಿದ. ಕೆಲಸ ಅಚ್ಚುಕಟ್ಟಾಯಿತು.

ವಿಷಯ ತಿಳಿದಾಗ ಸಂತೆಗೆ ಇನ್ನೂ ಆರು ದಿನವಿತ್ತು. ಮಡಕೆ ವ್ಯಾಪಾರಿ ಹುಡುಕಿದ್ದು ಕುಂಬಾರಗಿತ್ತಿಯ ಹೆಸರನ್ನೇ ಇರಬೇಕೆಂದು ಊಹಿಸಿ, ಅವಳಿಗೆ ಹೇಳಬೇಕೆಂದು ವೈದ್ಯ ಎರಡು ಸಲ ಮನೆಯಿಂದ ಹೊರಟ. ಎರಡು ಸಲವೂ ಅವಳ ಬೀದಿಯ ತಿರುವಿನಿಂದಲೇ ಹಿಂದಿರುಗಿದ. ಗರಿ ಎಲ್ಲೂ ಹೋಗಿಲ್ಲವಲ್ಲ, ಗೂಡಿನಲ್ಲೇ ಇದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ವ್ಯಾಪಾರಿ ಬಾಯಿ ಬಿಡದೆಯೂ ಇದ್ದಾನು ಎಂದುಕೊಂಡ. ನಿಜಕ್ಕೂ ಅವನು ಹೆದರಿದ್ದು ತನ್ನ ಹೆಸರಿಗೆ. ಗುಟ್ಟು ಉಳಿಸಿಕೊಳ್ಳಲಾರದ ವೈದ್ಯ ಎಂದು ಊರು ಆಡಿಕೊಂಡರೆ ತಾನು ಮುಖ ತೋರಿಸುವುದು ಹೇಗೆ ಎಂಬುದೊಂದೇ ಅವನಿಗೆ ದೊಡ್ಡದಾಗಿತ್ತು.

ಸಂತೆಯ ದಿನ ವ್ಯಾಪಾರಿ ಬಾಯಿ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ, ಹಿಂದಿನ ವಾರ ಮಡಕೆ ಕೊಂಡಿದ್ದ ಹೆಂಗಸರು ಅವನ್ನು ಹೊತ್ತು ತಂದು ಕುಂಬಾರಗಿತ್ತಿಯ ಮುಂದೆಯೇ ಒಡೆದು ಹೋದರು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಸುದ್ದಿ ಕೇಳಿಯೂ ವೈದ್ಯ ಸಂತೆಗೆ ಹೋಗಲಿಲ್ಲ. ಕದ ಹಾಕಿಕೊಂಡು ಮನೆಯಲ್ಲೇ ಕುಳಿತ.

ಮರುದಿನ ಅವಳೇ ಬಂದಳು. ವೈದ್ಯ ನಡೆದುದನ್ನೆಲ್ಲ ಹೇಳಿದ, ತಪ್ಪಾಯಿತೆಂದ, ಹೊಸ ಕದವನ್ನೂ ತೋರಿಸಿದ. ಅವಳು ಕದದ ಕಡೆ ನೋಡಲಿಲ್ಲ. ನಿಮಗೆ ಗೊತ್ತಾಗಿದ್ದು ಯಾವಾಗ ಎಂದಷ್ಟೇ ಕೇಳಿದಳು. ಸಂತೆಗೆ ಆರು ದಿನ ಮೊದಲು ಎಂದು ವೈದ್ಯ ನೆಲ ನೋಡುತ್ತ ಹೇಳಿದ.

“ಆರು ದಿನ ಇತ್ತಲ್ಲ ಪಂಡಿತ್ರೇ,” ಎಂದಳು ಅವಳು. “ನಂಗೊಂದು ಮಾತು ಹೇಳಿ, ಸಂತೇಲಿ ನನ್ನ ಪಕ್ಕ ನಿಂತು, ನನ್ನ ಮಡಕೇಲಿ ಒಂದು ಲೋಟ ನೀರು ಕುಡಿದಿದ್ರೆ ಸಾಕಾಗಿತ್ತು.”

ಮುಂದಿನ ಸಂತೆಗೆ ವೈದ್ಯ ಎಲ್ಲರಿಗಿಂತ ಮೊದಲು ಹೋದ, ಕೈಯಲ್ಲಿ ಲೋಟ ಹಿಡಿದು. ಅವಳು ಕೂರುತ್ತಿದ್ದ ಜಾಗದಲ್ಲಿ ವ್ಯಾಪಾರಿ ತನ್ನ ಮಡಕೆಗಳನ್ನು ಹರಡುತ್ತಿದ್ದ. ಅವಳು ಮಡಕೆ ಮಾಡುವ ತಿಗರಿಯನ್ನು ಗಾಡಿಗೆ ಹೇರಿಕೊಂಡು ಊರು ಬಿಟ್ಟಿದ್ದಳು. ಯಾವ ಕಡೆ ಹೋದಳೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ವೈದ್ಯ ಬದುಕಿರುವವರೆಗೂ ಬೇರೆ ಬೇರೆ ಊರಿನ ಸಂತೆಗಳಿಗೆ ಹೋಗಿ ಮಡಕೆ ಸಾಲುಗಳಲ್ಲಿ ಹುಡುಕುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಯೋಗಾನಂದ, “ನಾನೂ ಸರಿಪಡಿಸಿದ್ದೇನೆ ಗುರುಗಳೇ. ಈಗ ನನ್ನ ಪ್ಲಗಿನ್ ಆ ಫೋಲ್ಡರ್ ಬಿಟ್ಟು ಹೊರಗೆ ಬರುವುದಿಲ್ಲ. ಕದ ಮುಚ್ಚಿಯಾಗಿದೆ,” ಎಂದ.

ಗುರುಗಳು ಅವನ ಮುಖ ನೋಡಿ ಮೆಲ್ಲಗೆ ಕೇಳಿದರು:

“ಮುಚ್ಚಿದ್ದನ್ನು ನನಗೆ ಹೇಳಿದೆ, ತೆರೆದಿದ್ದುದನ್ನು ಯಾರಿಗೆ ಹೇಳಿದೆ?”