ಡಬ್ಬಿ ಅಳ್ಳಾಡಿಸುವ ಹಕ್ಕು

ಕೋರ್ಟಿನ ಎದುರಿಗೆ ಇದ್ದದ್ದೊಂದೇ ಜೆರಾಕ್ಸ್ ಅಂಗಡಿ, ಬಸಲಿಂಗವ್ವಂದು. ಅಕ್ಷರ ಮಸುಕಾದರೆ ಮಸಿಪುಡಿಯ ಟೋನರ್ ಡಬ್ಬಿ ತೆಗೆದು ಜರಡಿಯಂತೆ ಅಳ್ಳಾಡಿಸುವುದು ಅವಳ ರೂಢಿ.

ಒಂದು ದಿನ ಟೋನರ್ ಕಂಪನಿಯ ವಕೀಲ ಬಂದು ಗುಡುಗಿದ. "ಹಂಗ ಅಳ್ಳಾಡಸೋದಕ್ಕ ನಮ್ಮ ಕಂಪನಿ ಪೇಟೆಂಟ್ ಐತಿ. ಇನ್ನೊಮ್ಮೆ ಅಳ್ಳಾಡಿಸಿದ್ರ ಅಂಗಡಿಗೆ ಬೀಗ ಜಡಸ್ತೀನಿ!"

"ಆತು ಬಿಡ್ರಿ, ಸಾಹೇಬ್ರ."

"ಲಗೂನ ಈ ಕಾಗದದ ಪ್ರತಿ ತೆಗಿ. ಜಡ್ಜ್ ಸಾಹೇಬ್ರು ಕೇಳ್ಯಾರ."

ಪ್ರತಿ ಬಂತು. ಒಂದಕ್ಷರವೂ ಕಾಣಲೊಲ್ಲದು.

"ಡಬ್ಬಿ ಅಳ್ಳಾಡ್ಸು!"

ಬಸಲಿಂಗವ್ವ ಕೈಕಟ್ಟಿ ನಿಂತಳು. "ಒಲ್ಲೆ ರೀ. ಪೇಟೆಂಟ್ ಐತಿ."

ಕೋರ್ಟಿನ ಜವಾನ ವಕೀಲನ ಹೆಸರು ಕೂಗಿದ. ವಕೀಲ ಬೆವರೊರೆಸಿಕೊಳ್ಳುತ್ತ, 'ಬಸಲಿಂಗವ್ವ ಯಾವಾಗ ಬೇಕಾದರೂ ಅಳ್ಳಾಡಿಸಬಹುದು' ಎಂದು ಕಂಪನಿ ಪರವಾಗಿ ಬರೆದು, ಸಹಿ ಹಾಕಿ, ಮೊಹರು ಒತ್ತಿದ.

ಡಬ್ಬಿ ಗಡಗಡ ಅಳ್ಳಾಡಿತು. ಕಾಡಿಗೆಯಂಥ ಕಪ್ಪು ಅಕ್ಷರದ ಮೊದಲ ಪ್ರತಿ ಹೊರಬಿತ್ತು. ನೋಡಿದರೆ ಆ ಒಪ್ಪಿಗೆ ಪತ್ರದ್ದೇ!

"ಇದು ನಂದು ರೀ, ಗ್ವಾಡಿಗೆ ಹಚ್ಚಾಕ," ಅಂದಳು ಬಸಲಿಂಗವ್ವ. "ಈಗ ನಿಮ್ದು ಕೊಡ್ರಿ."